ದಿನಕ್ಕೆ ಹತ್ತು ಪುಟ

ಆತ್ಮೀಯರೇ,

ಸಂಕ್ರಾಂತಿ ಕಾರ್ಯಕ್ರಮದ ದಿನ ಎಳ್ಳುಬೆಲ್ಲದ ಜೊತೆಗೆ ನಾನೊಂದು ಮಾತನ್ನೂ ಹಂಚಿಬಿಟ್ಟಿದ್ದೆ: ಈ ವರ್ಷ 24 ಕನ್ನಡ ಪುಸ್ತಕ ಓದುತ್ತೇನೆ ಅಂತ. ಕೈಗೆ ಮೈಕು ಕೊಟ್ಟರೆ ಹೀಗೇ ಆಗುತ್ತದೆ. ಅವತ್ತಿನಿಂದ ಪಾಟ್‌ಲಕ್ಕಿನಲ್ಲಿ, ಪಾರ್ಕಿಂಗ್ ಲಾಟಿನಲ್ಲಿ, ಒಮ್ಮೆ ದೇವಸ್ಥಾನದ ಪ್ರಸಾದದ ಸಾಲಿನಲ್ಲೂ "ಎಷ್ಟಾಯ್ತು ಸಾರ್?" ಎಂದು ಕೇಳಿಸಿಕೊಂಡಿದ್ದೇನೆ. ದೀಪಾವಳಿ ಸಂಚಿಕೆ ಲೆಕ್ಕ ಒಪ್ಪಿಸಲು ಸರಿಯಾದ ಹೊತ್ತು. ಇವತ್ತಿಗೆ 9.

ಅದರಲ್ಲೂ ನಾಲ್ಕನ್ನು ನೀವು ಹಿಡಿಯಬೇಡಿ. ಮೊದಲ ಎರಡು ವಾರದಲ್ಲೇ ಮುಗಿಸಿದವು ಅವು. ಕಪಾಟಿನಲ್ಲಿ ತೆಳ್ಳಗಿದ್ದದ್ದನ್ನೇ ಹುಡುಕಿ ಎಳೆದುಕೊಂಡಿದ್ದೆ. ಒಂದು 80 ಪುಟದ್ದು, ಇನ್ನೊಂದು ಮಗಳಿಗೆಂದು ತಂದಿದ್ದ ಮಕ್ಕಳ ನಾಟಕ. ಮುಗಿಸಿ ಫೋನಿನಲ್ಲಿ ಟಿಕ್ ಹಾಕುವಾಗ ಖುಷಿಯೇನೋ ಆಗುತ್ತಿತ್ತು. ಈಗ ಅದರಲ್ಲೇನಿತ್ತು ಹೇಳಿ ಅಂದರೆ ತಲೆ ಕೆರೆದುಕೊಳ್ಳಬೇಕು.

ಇನ್ನೊಂದು ಸಂಗತಿಯಿದೆ. ಸಂಪಾದಕನಾದವನು ಹೇಳಿಕೊಳ್ಳಬಾರದ್ದು. ಚಳ್ಳಕೆರೆಯ ಕಡೆಯ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಕಲಿತ ನನಗೆ ಕನ್ನಡ ಓದುವುದು ನಿಧಾನವಾಗಿದೆ. ಅಮೆರಿಕಕ್ಕೆ ಬಂದು 22 ವರ್ಷ. ಈ ಅವಧಿಯಲ್ಲಿ ನಾನು ಓದಿದ ಕನ್ನಡವೆಂದರೆ ವಾಟ್ಸಾಪ್ ಸಂದೇಶಗಳು, ಪತ್ರಿಕೆಗಳ ತಲೆಬರಹಗಳು ಮತ್ತು ನೀವು ಕಳಿಸುವ ಲೇಖನಗಳು. (ಲೇಖನಗಳನ್ನು ನಾನು ಓದುವುದಿಲ್ಲ, ತಿದ್ದುತ್ತೇನೆ. ಎರಡೂ ಬೇರೆ ಬೇರೆ.) ಇಂಗ್ಲಿಷ್ ಪುಟದ ಮೇಲೆ ಕಣ್ಣು ಜಾರಿಕೊಂಡು ಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಒತ್ತಾಗಿ ಬಂದ ಕಡೆ ಎಡವುತ್ತದೆ, ಉದ್ದನೆಯ ಸಮಾಸ ಎದುರಾದರೆ ಎಲ್ಲಿ ಬಿಡಿಸಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಗಡಿಯಾರ ಇಟ್ಟುಕೊಂಡು ನೋಡಿದೆ. ಇಂಗ್ಲಿಷಿನ ಒಂದು ಪುಟಕ್ಕೆ ಎರಡು ನಿಮಿಷ, ಕನ್ನಡಕ್ಕೆ ನಾಲ್ಕೂವರೆ. ತೆಳ್ಳನೆಯ ಪುಸ್ತಕಗಳ ಹಿಂದೆ ಬಿದ್ದದ್ದು ಯಾಕೆಂದು ಅವತ್ತು ಅರ್ಥವಾಯಿತು.

ಆಮೇಲೆ 24ನ್ನು ಬಿಟ್ಟು ದಿನಕ್ಕೆ ಹತ್ತು ಪುಟ ಎಂದು ಬದಲಾಯಿಸಿಕೊಂಡೆ. ಪುಸ್ತಕ ಎಷ್ಟೇ ದಪ್ಪವಿರಲಿ, ಅವತ್ತಿನ ಹತ್ತು ಮುಗಿದರೆ ಸಾಕು. ಹಾಗಾದಮೇಲೆ ದಪ್ಪದ ಭಯ ಯಾಕೆ? ಓದಿದ್ದೇನೆ ಎಂದು ಕಾಲೇಜಿನ ದಿನಗಳಿಂದಲೂ ಸುಳ್ಳು ಹೇಳಿಕೊಂಡು ಬಂದಿದ್ದ ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಹುಡುಕಿಕೊಂಡು ಹೊರಟೆ.

ಅದು ಸಿಕ್ಕಿದ್ದು ನಮ್ಮ ಮೂಗಿನಡಿಯಲ್ಲೇ. ಊರಿನ ಲೈಬ್ರರಿಯಲ್ಲಿ ಕೇಳಿದೆ, ಅವರು ಷಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಗ್ರಂಥಾಲಯದಿಂದ ತರಿಸಿಕೊಟ್ಟರು. ನನಗೆ ಒಂದು ಡಾಲರೂ ಖರ್ಚಾಗಲಿಲ್ಲ. ಕವಿ ಎ. ಕೆ. ರಾಮಾನುಜನ್ ಪಾಠ ಹೇಳಿದ ವಿಶ್ವವಿದ್ಯಾಲಯ, ಅಲ್ಲಿ ಕನ್ನಡ ಪುಸ್ತಕ ಇರುವುದು ಸಹಜ ಎಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಪಿ.ಎಲ್. 480 ಗೋಧಿ ನೆನಪಿದೆಯೇ? 1954ರ ಆ ಕಾನೂನಿನಡಿ ಅಮೆರಿಕ ನಮಗೆ ಗೋಧಿ ಮಾರಿ ಬೆಲೆಯನ್ನು ರೂಪಾಯಿಯಲ್ಲೇ ಪಡೆಯುತ್ತಿತ್ತು. ಆ ರೂಪಾಯಿ ಭಾರತದಲ್ಲೇ ಖರ್ಚಾಗಬೇಕಿತ್ತು. ಹಾಗಾಗಿ 1962ರಿಂದ ಅದರಲ್ಲೊಂದು ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಕಾದಂಬರಿ ಪ್ರಕಟವಾದದ್ದು 1967ರಲ್ಲಿ, ಅಂದರೆ ಆ ಹಡಗುಗಳ ಕಾಲದಲ್ಲೇ. ನಮ್ಮಪ್ಪ ಶಾಲೆಯಲ್ಲಿ ಸಾಲಿನಲ್ಲಿ ನಿಂತು ತಿಂದ ಅಮೆರಿಕದ ಉಪ್ಪಿಟ್ಟಿಗೂ ನನ್ನ ಕೈಯಲ್ಲಿದ್ದ ಪುಸ್ತಕಕ್ಕೂ ಹೀಗೆ ನಂಟಿರಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಪುಸ್ತಕದಲ್ಲಿ ಹುಳ ಇರಲಿಲ್ಲ ತಾನೆ?" ಅಂದರು.

ಓದುತ್ತಿದ್ದದ್ದು ಆಫೀಸಿಗೆ ಹೋಗುವ ರೈಲಿನಲ್ಲಿ, ಉಪನಗರ ನೇಪರ್‌ವಿಲ್ಲಿನಿಂದ ಷಿಕಾಗೋದ ಯೂನಿಯನ್ ಸ್ಟೇಷನ್ನಿಗೆ. ಹೊರಗೆ ಮೊಣಕಾಲುದ್ದ ಹಿಮ, ತೊಡೆಯ ಮೇಲೆ ಮಲೆನಾಡಿನ ಮಳೆ. ಬಯಲುಸೀಮೆಯವನಿಗೆ ಎರಡೂ ಪರದೇಶವೇ! 'ಕಂಬಳಿಕೊಪ್ಪೆ' ಎಂಬ ಪದದಲ್ಲಿ ಸಿಕ್ಕಿಕೊಂಡೆ. ನಾನು ಕೂರುವ ಡಬ್ಬಿಯಲ್ಲಿ ಫೋನ್ ಮಾಡುವಂತಿಲ್ಲ. ಗೊತ್ತಾಗದ ಪದಗಳನ್ನು ಕಾಫಿ ಅಂಗಡಿಯ ರಸೀದಿಯ ಹಿಂದೆ ಬರೆದಿಟ್ಟುಕೊಂಡು, ಇಳಿದಮೇಲೆ ಆಫೀಸಿಗೆ ನಡೆಯುತ್ತ ಮಲೆನಾಡಿನ ಕೊಪ್ಪದಲ್ಲಿರುವ ಅತ್ತೆಗೆ ಫೋನು. ಅಲ್ಲಿ ಆಗ ರಾತ್ರಿಯ ಅಡುಗೆಯ ಹೊತ್ತು. ಅತ್ತೆ ಮಳೆಗೆ ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವುದು ಹೇಗೆಂದು ವಿವರಿಸಿ, ಅಲ್ಲಿಗೆ ಬಿಡದೆ, ನಾಟಿಗೆ ಬಗ್ಗಿದ ಹೆಂಗಸರ ಬೆನ್ನಿನ ಮೇಲಿರುತ್ತಿದ್ದ ಎಲೆಯ ಗೊರಬಿನ ಕತೆ, ಯಾವುದೋ ವರ್ಷದ ಹೊಳೆಯ ಕತೆ, ಕೊನೆಗೆ "ಅಲ್ಲಾ, ಮದುವೆಯಾಗಿ ಹದಿನೇಳು ವರ್ಷದಲ್ಲಿ ನೀವು ನನಗೆ ಇಷ್ಟೊಂದು ಫೋನು ಮಾಡಿದ್ದೇ ಇಲ್ಲ" ಎಂದರು. ನಿಜ. ಅದುವರೆಗೆ ನಮ್ಮಿಬ್ಬರ ಮಾತು "ಊಟ ಆಯ್ತಾ, ಇಲ್ಲಿ ಕೊಡ್ತೀನಿ" ಎನ್ನುವುದಕ್ಕಿಂತ ಮುಂದೆ ಹೋದದ್ದು ಕಡಿಮೆ.

700 ಪುಟ ದಾಟುವ ಕಾದಂಬರಿ. ಹತ್ತರಂತೆ ಎಪ್ಪತ್ತು ಚಿಲ್ಲರೆ ದಿನಕ್ಕೆ ಮುಗಿಯಬೇಕಿತ್ತು. ಜ್ವರ ಬಂತು, ಯುಗಾದಿ ಬಂತು, ಎರಡು ಸಲ ಗಡುವು ಮುಂದೂಡಿಸಿಕೊಂಡೆ. ಕೊನೆಕೊನೆಗೆ ಉಲ್ಟಾ ಆಯಿತು. ಕಾದಂಬರಿಯ ನಾಯಿಗುತ್ತಿಯ ನಾಯಿ ಹುಲಿಯನಿಗೆ ಏನೋ ಆಗಲಿದೆ ಎಂಬ ಅನುಮಾನ ಬಂದಮೇಲೆ ಬೇಕೆಂದೇ ಐದಕ್ಕೆ ನಿಲ್ಲಿಸಿದ ದಿನಗಳಿವೆ. ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಆ ಪುಟಗಳನ್ನು ಓದಿದ ದಿನ ಆಫೀಸಿನ ಮೊದಲ ಮೀಟಿಂಗಿನಲ್ಲಿ ನಾನು ಕ್ಯಾಮೆರಾ ಆಫ್ ಮಾಡಿಕೊಂಡಿದ್ದೆ. ಈಗ ನಾಲ್ಕೂವರೆ ನಿಮಿಷದ ಓದು ನಾಲ್ಕಕ್ಕೆ ಇಳಿದಿದೆಯೋ ಏನೋ, ಮತ್ತೆ ಅಳೆದು ನೋಡಿಲ್ಲ.

ಪುಸ್ತಕ ಹಿಂದಿರುಗಿಸಿಯಾಗಿದೆ. ನಿಮ್ಮ ಊರಿನ ಲೈಬ್ರರಿಯಲ್ಲಿ ಕೇಳಿದರೆ ತರಿಸಿಕೊಟ್ಟಾರು. ಒಳಗೆ ಎಲ್ಲೋ ನನ್ನ ಕಾಫಿ ರಸೀದಿ ಉಳಿದುಹೋಗಿದೆ, ಹಿಂಬದಿಯಲ್ಲಿ 14 ಪದಗಳಿವೆ. ಅತ್ತೆ 11ಕ್ಕೆ ಅರ್ಥ ಹೇಳಿದ್ದಾರೆ. ಉಳಿದ ಮೂರು ನಿಮಗೆ ಗೊತ್ತಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಈ ಸಲ ತಿದ್ದುವುದಿಲ್ಲ.

ನಿಮ್ಮ,
ಸಂಪಾದಕ