ಪೋಷಕರಿಗೆ ಪತ್ರ: ಸಭಾಂಗಣದ ಬೀಗದ ವಿಚಾರ

ಪ್ರೀತಿಯ ಪೋಷಕರೇ, ನಮಸ್ಕಾರ.

ಸೂರಿನಿಂದ ಕಾಂಕ್ರೀಟ್ ಚಕ್ಕೆ ಬಿತ್ತು ಅಂತ ಸಭಾಂಗಣಕ್ಕೆ ಬೀಗ ಹಾಕಿ ಮೂರು ವಾರ ಆಯಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ನೀವು ಬರೆದಿದ್ದನ್ನೆಲ್ಲ ಓದಿದ್ದೇನೆ. "ಅಂಗೈಯಷ್ಟು ಚಕ್ಕೆ ಬಿದ್ದಿದ್ದಕ್ಕೆ ವಾರ್ಷಿಕೋತ್ಸವ ಬಯಲಲ್ಲಿ ಮಾಡಬೇಕಾ?" ಅಂತ ಒಬ್ಬರು. "ಬಿರುಕಿಗೆ ಗಾಜು ಅಂಟಿಸಿ ಕೂತಿದ್ದಾರೆ" ಅಂತ ಇನ್ನೊಬ್ಬರು. ಗಾಜು ನೋಡಿ ಮೊದಲು ನನಗೂ ನಗು ಬಂದಿತ್ತು.

ಚಕ್ಕೆ ಬಿದ್ದಿದ್ದು ಶನಿವಾರ, ಶಾಲೆ ಬಿಟ್ಟ ಮೇಲೆ. ಯಾರಿಗೂ ಏನೂ ಆಗಿಲ್ಲ. ಎತ್ತಿ ನೋಡಿದೆ. ಒಳಬದಿಯಲ್ಲಿ ಕಬ್ಬಿಣದ ಸರಳಿನ ಅಚ್ಚು ಮೂಡಿತ್ತು. ಬೆರಳಿಟ್ಟರೆ ತುಕ್ಕು ಕುಂಕುಮದ ಹಾಗೆ ಅಂಟಿತು.

ನಮ್ಮ ಸೂರು ಸವಾರಿ ಗಾಡಿಯ ಕಮಾನಿನಂತೆ ಬಾಗಿದ್ದು. ದಪ್ಪ ಬರೀ 8 ಸೆಂ.ಮೀ. ತೆಳು ಅಂದ ಮಾತ್ರಕ್ಕೆ ಹೆದರಬೇಕಿಲ್ಲ, ಭಾರ ಹೊರುವುದು ಅದರ ಆಕಾರ. ಮೆಕ್ಸಿಕೋದಲ್ಲಿ ವಾಸ್ತುಶಿಲ್ಪಿ ಫೆಲಿಕ್ಸ್ ಕ್ಯಾಂಡೆಲಾ 1958ರಲ್ಲಿ ಕಟ್ಟಿದ ಹೋಟೆಲಿನ ಸೂರು ಸುಮಾರು 4 ಸೆಂ.ಮೀ. ಅಷ್ಟೇ. ಆದರೆ ಇಂಥ ಸೂರಿನಲ್ಲಿ ಸರಳಿನ ಮೇಲಿನ ಸಿಮೆಂಟೂ ತೆಳು. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು, ಸರಳನ್ನು ತುಕ್ಕಿನಿಂದ ಕಾಯುವ ಸಿಮೆಂಟಿನ ಕ್ಷಾರ ಗುಣವನ್ನು ತಗ್ಗಿಸುತ್ತದೆ. ಅದಕ್ಕೆ ಸೋರಿದ ನೀರು ಸೇರಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟನ್ನು ಒದ್ದು ಬೀಳಿಸುತ್ತದೆ. ಸೂರಿನ ಮಳೆನೀರು ಇಳಿಯುವ ಪೈಪು ಎಲೆ ಕಟ್ಟಿಕೊಂಡಿದ್ದನ್ನು ನಾವು ನೋಡಿದ್ದು ತಡವಾಗಿ. ಅದು ನಮ್ಮದೇ ತಪ್ಪು.

ಒಡೆದ ಜಾಗಕ್ಕೆ ಎಂಜಿನಿಯರ್ ಫಿನಾಲ್ಫ್ತಲೀನ್ ಸಿಂಪಡಿಸಿದರು, ಕ್ಷಾರ ಇದ್ದರೆ ಗುಲಾಬಿಯಾಗುವ ದ್ರಾವಣ ಅದು. ಸರಳಿನ ಸುತ್ತ ಗುಲಾಬಿ ಬಣ್ಣ ಬರಲೇ ಇಲ್ಲ. ಯಾಕೆ ಅಂತ ಹತ್ತನೇ ತರಗತಿ ಮಕ್ಕಳನ್ನು ಕೇಳಿ, ಹೇಳುತ್ತಾರೆ. ಆಮೇಲೆ ಸಾರುವೆ ಕಟ್ಟಿ, ಸಂತೆಯಲ್ಲಿ ಮಡಕೆ ಬಡಿದು ನೋಡ್ತೀವಲ್ಲ, ಹಾಗೆ ಸೂರನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಡಬ್ ಅಂದ ಕಡೆಗೆಲ್ಲ ಸೀಮೆಸುಣ್ಣದ ಗುರುತು. ಬಿದ್ದಿದ್ದು ಒಂದು ಚಕ್ಕೆ, ಗುರುತು 17.

ಗಾಜು ಅಂಟಿಸಿದ್ದು ಬಿರುಕು ಅಲುಗುತ್ತಿದೆಯಾ ಅಂತ ತಿಳಿಯಲು. ಚೂರು ಅಲುಗಿದರೂ ಗಾಜು ಸೀಳುತ್ತದೆ. ಆರರಲ್ಲಿ ಒಂದು ಸೀಳಿದೆ. ಸೂರು ಬಿಸಿಲಿಗೆ ಹಿಗ್ಗಿದ್ದಕ್ಕೋ, ಬಿರುಕೇ ಬೆಳೆದಿದ್ದಕ್ಕೋ? ಅದಕ್ಕೇ ದಿನಾ ಬಿಸಿಲೇರುವ ಮೊದಲು, ಬೆಳಿಗ್ಗೆ 7ಕ್ಕೆ ಬಿರುಕು ಅಳೆಯುತ್ತಿದ್ದೇವೆ.

"ಮೇಲೊಂದು ಪದರ ಕಾಂಕ್ರೀಟ್ ಹಾಕಿಸಿಬಿಡಿ ಮೇಡಂ" ಅನ್ನುವವರಿಗೆ: ಆ ಭಾರವನ್ನೂ ಇದೇ ಸೂರು ಹೊರಬೇಕಲ್ವಾ? ಸಡಿಲ ಕಾಂಕ್ರೀಟ್ ಕೆತ್ತಿ, ಸರಳಿನ ತುಕ್ಕು ಉಜ್ಜಿ, ಹೊಸ ಗಾರೆ ತುಂಬಿ, ಮೇಲೆ ನೀರಿಳಿಯದ ಬಿಳಿ ಲೇಪ ಕೊಡಬೇಕು. ನಿಧಾನದ ಕೆಲಸ.

ಇನ್ನು ವಾರ್ಷಿಕೋತ್ಸವ. ನಿಮ್ಮಲ್ಲಿ ಎಷ್ಟೋ ಜನ ಅದೇ ವೇದಿಕೆಯಲ್ಲಿ ಕುಣಿದು ಬೆಳೆದವರು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ "ಒಂದೇ ಸಂಜೆ ಬೀಗ ತೆಗೀರಿ" ಅಂದರೆ ಆಗುವುದಿಲ್ಲ. ಜನ ಜಾಸ್ತಿ ಸೇರುವುದೂ ಆ ಒಂದೇ ಸಂಜೆ, ಡೊಳ್ಳು ಬಾರಿಸುವುದೂ ಆ ಸಂಜೆಯೇ. ಬಯಲಲ್ಲಿ ಶಾಮಿಯಾನ ಹಾಕಿಸುತ್ತೇವೆ. ಅಜ್ಜ ಅಜ್ಜಿಯರಿಗೆ ಮುಂದಿನ ಸಾಲು. ಡಿಸೆಂಬರ್ ಸಂಜೆ ದಾವಣಗೆರೆಯಲ್ಲಿ ಬಯಲೇ ಹಿತ. (ಧೂಳು ಇದೆ, ಒಪ್ಪಿದೆ. ನೀರು ಹೊಡೆಸುತ್ತೇವೆ.) ದುರಸ್ತಿ ಮುಗಿದು, ಎಂಜಿನಿಯರ್ ಬರೆದುಕೊಟ್ಟ ಮೇಲೆಯೇ ಬೀಗ ತೆಗೆಯುವುದು.

ಸಂಜೆ ಮಕ್ಕಳಿಗೆ ಕಾಯುವಾಗ ಸಭಾಂಗಣದ ಗೋಡೆ ಪಕ್ಕ ಬೈಕ್ ನಿಲ್ಲಿಸಬೇಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ದಾವಣಗೆರೆ