ಸರ್ವರ್ ಖಾಲಿ ಆಗ್ತಾ ಇದೆ, ಭಾನುವಾರ ಬನ್ನಿ

ಸಂಪಾದಕರಿಗೆ ನಮಸ್ಕಾರ,

ಆನ್‌ಲೈನ್ ಗೇಮ್ ಅಂದ್ರೆ ಪೇಪರಲ್ಲಿ ಬರೋದು ಬರೀ ದುಡ್ಡು ಕಳ್ಕೊಂಡೋರ ಸುದ್ದಿ, ನಾನು ಹೇಳ್ತಿರೋದು ಅದಲ್ಲ, ಬಾಜಿ ಗೀಜಿ ಇಲ್ದೆ, ಎರಡು ಟೀಮ್ ಮಾಡ್ಕೊಂಡು ಗುಂಡು ಹೊಡೆದಾಡೋ ಕೌಂಟರ್ ಸ್ಟ್ರೈಕ್ 1.6 ಅನ್ನೋ ಕಂಪ್ಯೂಟರ್ ಗೇಮ್. 2003ರದ್ದು, ಹಳೇ ಕಂಪ್ಯೂಟರಲ್ಲೂ ಓಡತ್ತೆ, ಸರ್ವರ್, ಅಂದ್ರೆ ಎಲ್ರನ್ನೂ ಒಂದೇ ಆಟಕ್ಕೆ ಸೇರ್ಸೋ ಕಂಪ್ಯೂಟರ್, ನಾವೇ ಇಟ್ಕೋಬಹುದು. ಶಿರಸಿ, ಕುಮಟಾ, ಕಾರವಾರದ ಹುಡುಗ್ರು ಸೇರಿ ಆಡ್ತಿದ್ವಿ, ಸರ್ವರಲ್ಲಿ ಜಾಗ ಸಿಗದೆ ಕಾಯ್ತಿದ್ವಿ, ಈಗ ಎಲ್ರೂ ಬೆಂಗ್ಳೂರು ಸೇರಿ ಕೆಲಸ ಮದುವೆ ಮಕ್ಳು ಅಂತಾಗಿ ನಾಲ್ಕು ಜನ ಬಂದ್ರೆ ಹೆಚ್ಚು.

ನಂಗೆ ಅರ್ಥ ಆಗಿದ್ದು ಏನಂದ್ರೆ ಆಡೋರು ಇಲ್ಲ ಅಂತಲ್ಲ, ಒಂದೇ ಟೈಮಿಗೆ ಬರಲ್ಲ. ಒಬ್ಬ ಎಂಟಕ್ಕೆ ಬರ್ತಾನೆ, ಖಾಲಿ ಸರ್ವರ್ ನೋಡಿ ಐದು ನಿಮಿಷ ಗೋಡೆಗೆ ಗುಂಡು ಹೊಡೆದು ಹೋಗ್ತಾನೆ, ಆಮೇಲೆ ಇನ್ನೊಬ್ಬ, ಅವನದ್ದೂ ಅದೇ ಕಥೆ. ಅದಕ್ಕೇ ಭಾನುವಾರ ರಾತ್ರಿ ಒಂಬತ್ತು ಅಂತ ಫಿಕ್ಸ್ ಮಾಡಿದ್ವಿ, ಹೋದ್ವಾರ ಹನ್ನೊಂದು ಜನ! ಮಳೆಗೆ ಕರೆಂಟ್ ಹೋಗಿ ನಾನು ಅರ್ಧಕ್ಕೇ ಹೊರಗೆ ಬಿದ್ದೆ, ವಾಪಸ್ ಬಂದ್ರೆ ಡಸ್ಟ್ 2 ಅನ್ನೋ ಮ್ಯಾಪಲ್ಲಿ (ಆಟದೊಳಗಿನ ಮೈದಾನ) ಹೊಸ ರೌಂಡ್ ಶುರು ಮಾಡದೆ ನಂಗೋಸ್ಕರ ಕಾಯ್ತಾ ಇದ್ರು, ಕಣ್ಣು ತುಂಬಿ ಬಂತು.

ಹಳಬ್ರಲ್ಲಿ ಒಂದು ಕೇಳ್ಕೋತೀನಿ, ಹೊಸಬ್ರು ಬಂದ್ರೆ ದಯವಿಟ್ಟು ಬೈಬೇಡಿ. ನಮ್ಮ ಪಕ್ಕದ್ಮನೆ ಪಿಯುಸಿ ಹುಡುಗ ಮೊದಲ ದಿನವೇ ಬೈಸ್ಕೊಂಡು ಹೋದೋನು ತಿರುಗಿ ಬರ್ಲಿಲ್ಲ. ಟೀಮಿಗೆ ಹಾಕ್ಕೊಂಡು ಬಾಂಬ್ ಎಲ್ಲಿ ಇಡ್ಬೇಕು, ಯಾವ ರೌಂಡಲ್ಲಿ ಗನ್ ಕೊಳ್ಳದೆ ಆಟದೊಳಗಿನ ದುಡ್ಡು ಉಳಿಸ್ಬೇಕು ಅಂತ ಹೇಳ್ಕೊಡಿ. ಮಾರಿಕಾಂಬಾ ಜಾತ್ರೆಗೆ ಊರಿಗೆ ಬರೋರು ಲ್ಯಾಪ್‌ಟಾಪ್ ತನ್ನಿ, ನಮ್ಮನೆ ಜಗಲಿ ಮೇಲೆ ಕಂಪ್ಯೂಟರ್‌ಗಳನ್ನ ಜೋಡಿಸೋ ಲ್ಯಾನ್ ಕೇಬಲ್ ಎಳೆದಿಟ್ಟಿರ್ತೀನಿ.

— ಒಬ್ಬ ಓದುಗ, ಶಿರಸಿ