ತೋಟ ಅಡ ಇಡಬೇಡಿ

ಸ್ಟುಟ್‌ಗಾರ್ಟ್

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಆರಾಮ. ಚಳಿ ಜಾಸ್ತಿ, ಅಷ್ಟೇ.

ನಿಮ್ಮ ಕಾಗದ ಓದಿ ನಿದ್ದೆ ಬರಲಿಲ್ಲ. ಅಮ್ಮನ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಲೇಬೇಕು ಅಂದರೆ ಆಗಲಿ. ಅದಕ್ಕೆ ತೋಟ ಅಡ ಇಡುವ ಮಾತು ಮಾತ್ರ ಬೇಡ. ಕಡಿಮೆ ಬಿದ್ದದ್ದನ್ನು ನಾನು ಕಳಿಸುತ್ತೇನೆ.

ನನ್ನ ಇನ್ಶೂರೆನ್ಸ್‌ಗೆ ಅಮ್ಮನನ್ನು ಸೇರಿಸಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಕೆಲಸಕ್ಕೆ ಹೋಗದ ಹೆಂಡತಿ, ಮಕ್ಕಳು ಬಿಟ್ಟಿಯಾಗಿ ಸೇರುತ್ತಾರೆ. ಅಪ್ಪ ಅಮ್ಮ ಈ ಜರ್ಮನ್ನರ ಲೆಕ್ಕದಲ್ಲಿ ಸಂಸಾರವೇ ಅಲ್ಲ! ಗೀತಾ ಆಸ್ಪತ್ರೆಯಲ್ಲಿದ್ದಾಗ ದಿನಕ್ಕೆ 10 ಯೂರೋ ಮಾತ್ರ ಕಟ್ಟಿದ್ದು ನಿಜ. ಹಾಗಂತ ಪುಕ್ಕಟೆ ಏನಲ್ಲ. ಕಾಯಿಲೆ ಇರಲಿ ಬಿಡಲಿ, ಸಂಬಳದ ಶೇ. 14.6, ಮೇಲೊಂದಿಷ್ಟು, ತಿಂಗಳು ತಿಂಗಳು ಹೋಗುತ್ತದೆ. ಅರ್ಧ ನನ್ನದು, ಅರ್ಧ ಕಂಪನಿಯದು. ಇಷ್ಟು ಕಟ್ಟಿಯೂ ಸ್ಪೆಷಲಿಸ್ಟ್ ಸಿಗಲು ವಾರಗಟ್ಟಲೆ ಕಾಯಬೇಕು. ನಮ್ಮೂರಲ್ಲಿ ಅದೇ ದಿನ ನೋಡುತ್ತಾರೆ ಅಂದರೆ ಆಫೀಸಿನವರು ನಂಬುವುದಿಲ್ಲ.

ನಮ್ಮ ಸರ್ಕಾರವೂ ಹೀಗೇ ಮಾಡಲಿ ಅಂತ ಚಿಕ್ಕಪ್ಪನ ವಾದ ಅಲ್ವಾ? ಇದೆಲ್ಲ ನಿಂತಿರುವುದು ಸಂಬಳದ ಚೀಟಿಯ ಮೇಲೆ ಅಂತ ಹೇಳಿ. ಕಡಿಮೆ ಸಂಬಳದ ನೌಕರರಿಗೆ ನಮ್ಮಲ್ಲೂ ಇಎಸ್‌ಐ ಅನ್ನುವ ವಿಮೆ ಇದೆ, 1948ರ ಕಾನೂನು. ಅಡಿಕೆ ಕೊನೆ ಕೊಯ್ಯುವವರ ಕೂಲಿಯಲ್ಲಿ ಯಾರು ಎಷ್ಟು ಮುರಿದುಕೊಳ್ಳುವುದು? ಕೊಳೆರೋಗ ಬಂದ ವರ್ಷ ನೀವು ಎಲ್ಲಿಂದ ಕಟ್ಟುವುದು? ಇಲ್ಲೂ 1883ರಲ್ಲಿ, ಬಿಸ್ಮಾರ್ಕ್ ಚಾನ್ಸಲರ್ ಆಗಿದ್ದ ಕಾಲದಲ್ಲಿ, ಶುರುವಾಗಿದ್ದು ಕಾರ್ಮಿಕರಿಗೆ. ರೈತರಿಗೆ ಅಂತಲೇ ಬೇರೆ ವ್ಯವಸ್ಥೆ ಬಂದದ್ದು 1972ರಲ್ಲಿ. ವಯಸ್ಸಾದ ರೈತರ ಖರ್ಚಿಗೆ ಇವತ್ತಿಗೂ ಸರ್ಕಾರ ದುಡ್ಡು ಹಾಕುತ್ತದೆ.

ನಮಗೆ ಹೊಂದುವುದು ಸಹಕಾರಿ ಸೊಸೈಟಿ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿಯಂಥದ್ದೇ. ಸಂಬಳದ ಚೀಟಿ ಇಲ್ಲದಿದ್ದರೇನು, ಸೊಸೈಟಿ ಸದಸ್ಯತ್ವ ಇದೆಯಲ್ಲ. ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ಈ ವರ್ಷದ್ದು ಕಟ್ಟಿದ್ದೀರಾ? ಕಾಗದದಲ್ಲಿ ಬರೆದೇ ಇಲ್ಲ! ಕಾಯಿಲೆ ಬಂದ ಮೇಲೆ ಕಟ್ಟುತ್ತೇವೆ ಅಂದರೆ ನಡೆಯುವುದಿಲ್ಲ ಅಪ್ಪ. ನಾಳೆಯೇ ಸೊಸೈಟಿಗೆ ಹೋಗಿ. ಕಾರ್ಡ್ ಚಾಲ್ತಿಯಲ್ಲಿದೆಯಾ, ಈ ಆಪರೇಷನ್ ಪಟ್ಟಿಯಲ್ಲಿದೆಯಾ, ಯಾವ ಆಸ್ಪತ್ರೆ, ಎಲ್ಲ ಕೇಳಿ. ಅಮ್ಮನನ್ನು ಆಸ್ಪತ್ರೆಗೆ ಸೇರಿಸುವ ಮೊದಲೇ ಕೇಳಬೇಕು. ಆಮೇಲೆ ಬಿಲ್ ಹಿಡಿದುಕೊಂಡು ಓಡಾಡಿದರೆ ಸುಮ್ನೆ ಅಲೆದಾಟ. ಅದಾಗದಿದ್ದರೆ ಆಯುಷ್ಮಾನ್ ಕಾರ್ಡ್ ವಿಚಾರಿಸಿ.

ಅಮ್ಮನಿಗೆ ಹೆದರಬೇಡ ಅನ್ನಿ. ಈಗೆಲ್ಲ ಸಣ್ಣ ತೂತು ಮಾಡಿ ತೆಗೆದುಬಿಡುತ್ತಾರೆ. ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ. ನಾನೂ ಚಿಂತೆ ಮಾಡುತ್ತಿಲ್ಲ. ಕರಿದದ್ದು ಮಾತ್ರ ಕೊಡಬೇಡಿ.

ಟ್ರೈನಿಗೆ ಹೊತ್ತಾಯಿತು. ಸೊಸೈಟಿಯಿಂದ ಬಂದ ತಕ್ಷಣ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ನಿಮ್ಮ ಮಗ,
ರವಿ